ದೀಪ ಹಚ್ಚಿದ್ದಾಯ್ತು, ಕಾಯೋರ್ಯಾರು?

ಸಭೆಗಳಲ್ಲಿ ದೀಪ ಬೆಳಗಿಸುವುದನ್ನು ನೋಡಿದ್ದೀರಲ್ಲ. ಎದೆಮಟ್ಟದ ಹಿತ್ತಾಳೆ ದೀಪ, ಐದು ಬತ್ತಿ, ಐವರು ಗಣ್ಯರು, ಎಲ್ಲರಿಗೂ ಸೇರಿ ಒಂದೇ ಮೇಣದಬತ್ತಿ. ಅಧ್ಯಕ್ಷರು ಹಚ್ಚಿದ್ದನ್ನು ಪಕ್ಕದ ಪೆಡೆಸ್ಟಲ್ ಫ್ಯಾನು ಆರಿಸುತ್ತದೆ. ಫೋಟೋಗ್ರಾಫರ್ "ಸರ್, ಸ್ವಲ್ಪ ಈ ಕಡೆ" ಅನ್ನುತ್ತಾನೆ, ಸರ್ ಆ ಕಡೆ ತಿರುಗಿದ ಕೂಡಲೇ ಅವರ ಶಾಲಿನ ಅಂಚು ದೀಪದ ಕಡೆ ತಿರುಗುತ್ತದೆ. ಅನುಭವಸ್ಥ ಕಾರ್ಯದರ್ಶಿಯಾದರೆ ಬತ್ತಿಯ ತುದಿಗೆ ಮೊದಲೇ ಕರ್ಪೂರ ಸಿಕ್ಕಿಸಿ ಇಟ್ಟಿರುತ್ತಾನೆ. ಅಂತೂ ಹತ್ತಿತು, ಚಪ್ಪಾಳೆ. ನಿರೂಪಕಿ "ತಮಸೋಮಾ ಜ್ಯೋತಿರ್ಗಮಯ" ಎಂದು ಮುಗಿಸುವಷ್ಟರಲ್ಲಿ ಅರ್ಧ ದೀಪ ತಮಸ್ಸಿನ ಕಡೆಗೆ ಹೊರಟಿರುತ್ತದೆ. ವಂದನಾರ್ಪಣೆಯ ಹೊತ್ತಿಗೆ ಉಳಿದರ್ಧವೂ ಅಷ್ಟೇ. ಯಾರಿಗೂ ಏನೂ ಅನಿಸುವುದಿಲ್ಲ. ಫೋಟೋ ಬಂದಾಗಿದೆ.

ಮನೆಯಲ್ಲಿ ಈ ಸೌಕರ್ಯ ಇಲ್ಲ. ನಾನು ಮೈಸೂರಿನ ಕಡೆಯವಳು. ನಮ್ಮಲ್ಲಿ ನವರಾತ್ರಿ ಎಂದರೆ ಗೊಂಬೆ ಕೂರಿಸುವುದು, ಸಂಜೆ ಆರತಿ, ಚರ್ಪು ಎಂದು ಮಕ್ಕಳಿಗೆ ಒಂದಿಷ್ಟು ತಿಂಡಿ, ಮುಗಿಯಿತು. ಅರಮನೆಯಲ್ಲಿ ಒಂದು ಲಕ್ಷಕ್ಕೆ ಹತ್ತಿರ ಬಲ್ಬು ಹೊತ್ತಿಕೊಳ್ಳುತ್ತವೆ, ಅವನ್ನು ಕಾಯುವ ಜವಾಬ್ದಾರಿ ನಮ್ಮದಲ್ಲ. ಮದುವೆಯಾಗಿ ಬಂದದ್ದು ಧಾರವಾಡದ ಮನೆಗೆ. ಅಲ್ಲಿ ಘಟ್ಟ ಹಾಕುತ್ತಾರೆ, ದೀಪ ಹಾಕುತ್ತಾರೆ. ಮಣ್ಣಿನಲ್ಲಿ ಧಾನ್ಯ ಬಿತ್ತಿ, ಪಕ್ಕದಲ್ಲಿ ಹಚ್ಚಿದ ದೀಪ ಹಬ್ಬ ಮುಗಿಯುವವರೆಗೆ ಹಗಲೂ ರಾತ್ರಿ ಉರಿಯಬೇಕು. ಧಾನ್ಯ ತಾನಾಗಿ ಮೊಳೆಯುತ್ತದೆ, ಪಾಪ. ದೀಪಕ್ಕೆ ಮಾತ್ರ ಆಳು ಬೇಕು.

ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಅತ್ತೆ ಈ ದೀಪವನ್ನು ತಂದ ವರ್ಷ ಮೊದಲ ಆಜ್ಞೆ ಹೊರಟಿತು: "ನೋಡವಾ, ಒಂಬತ್ತು ದಿನ ದೀಪ ಹಚ್ಚೋದು, ಫ್ಯಾನ್ ಹಚ್ಚಂಗಿಲ್ಲ." ಕಿಟಕಿಯನ್ನೂ ತೆಗೆಯುವಂತಿಲ್ಲ. ಬಾಗಿನಕ್ಕೆಂದು ರೇಷ್ಮೆ ಸೀರೆ ಉಟ್ಟು ಬಂದವರು ಕೋಸಂಬರಿ ತಟ್ಟೆಯಲ್ಲೇ ಗಾಳಿ ಹಾಕಿಕೊಳ್ಳತೊಡಗಿದರೆ ಅತ್ತೆ ಅದಕ್ಕೂ ತಡೆ ಹಾಕಿದರು. ಗಾಳಿ ದೀಪದ ಕಡೆ ಹೋಗುತ್ತಿತ್ತಂತೆ.

ದೊಡ್ಡ ಗಂಡಾಂತರ ಇರುವುದು ಕರಿ ತೆಗೆಯುವುದರಲ್ಲಿ. ಉರಿದೂ ಉರಿದೂ ಬತ್ತಿಯ ತುದಿಯಲ್ಲಿ ಕರಿ ಗಟ್ಟಿಯಾಗಿ ಅಣಬೆಯ ಹಾಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಎಣ್ಣೆ ಎಷ್ಟಿದ್ದರೂ ತುದಿಗೆ ಏರುವುದಿಲ್ಲ, ಉರಿ ಕುಗ್ಗುತ್ತದೆ. ಕರಿ ತೆಗೆಯದಿದ್ದರೆ ದೀಪ ಹೋಗುತ್ತದೆ. ತೆಗೆಯುವಾಗ ಕೈ ನಡುಗಿದರೂ ಹೋಗುತ್ತದೆ. ಅದಕ್ಕೇ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ. ಮೊದಲು ದೊಡ್ಡ ದೀಪದಿಂದ ಪಕ್ಕದ ಹಣತೆಯೊಂದನ್ನು ಹಚ್ಚಿಕೊಳ್ಳುವುದು, ಆಮೇಲೆ ಕಡ್ಡಿಯಲ್ಲಿ ಕರಿ ಜಾಡಿಸುವುದು, ಅಕಸ್ಮಾತ್ ದೊಡ್ಡದು ಕೈಕೊಟ್ಟರೆ ಹಣತೆಯಿಂದ ಮರಳಿ ಹಚ್ಚುವುದು. ನನ್ನ ಗಂಡನಿಗೆ ಇದು ಕೇಳಿ ಎಲ್ಲಿಲ್ಲದ ಹುರುಪು ಬಂತು. "ಅಮ್ಮಾ, ಇದು ಬ್ಯಾಕಪ್ ಸರ್ವರ್!" ಎಂದು, ರಾತ್ರಿ ಎರಡರಿಂದ ನಾಲ್ಕರವರೆಗಿನ ಪಾಳಿಯನ್ನು ತಾನೇ ಕೇಳಿ ತೆಗೆದುಕೊಂಡರು. ಆಫೀಸಿನ ಸರ್ವರುಗಳನ್ನು ಕಾಯುವ ಮನುಷ್ಯ, ಅವರಿಗೆ ಅಭ್ಯಾಸವಿದೆ ಎಂದು ನಾವು ನಂಬಿದೆವು. ಎರಡೂವರೆಗೆ ಗೊರಕೆ ಕೇಳಿ ಎದ್ದು ಬಂದ ಅತ್ತೆ ನೋಡಿದರೆ ದೊಡ್ಡ ದೀಪ ಕ್ಷೇಮ, ಬ್ಯಾಕಪ್ ಕ್ಷೇಮ, ಆ ಎರಡರ ನಡುವೆ ಗೋಡೆಗೊರಗಿದ ಇಂಜಿನಿಯರ್ ಮಾತ್ರ ಡೌನ್.

ಎಣ್ಣೆಯದು ಇನ್ನೊಂದು ಪುರಾಣ. ಹರಳೆಣ್ಣೆ ಮಂದ, ನಿಧಾನಕ್ಕೆ ಉರಿದು ಹೆಚ್ಚು ಹೊತ್ತು ಬಾಳುತ್ತದೆ. ಎಳ್ಳೆಣ್ಣೆ ಶ್ರೇಷ್ಠ. ತುಪ್ಪಕ್ಕಂತೂ ಎದುರಿಲ್ಲ, ಆದರೆ ತಿಂಗಳ ಕೊನೆಯಲ್ಲಿ ತುಪ್ಪದ ಮಾತು ಎತ್ತುವವರ ಧೈರ್ಯವೇ ಬೇರೆ. ಕೊನೆಗೆ ಅಂಗಡಿಯ 'ದೀಪದ ಎಣ್ಣೆ'ಯೇ ಗತಿ. ತಿನ್ನಲು ಯೋಗ್ಯವಲ್ಲ ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುತ್ತದೆ, ಇರುವೆಗೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ಹಬ್ಬಕ್ಕೆ ಬಂದಿದ್ದ ಮೈದುನ ಓದಲಿಲ್ಲ. ಅತ್ತಿಗೆಗೆ ಸಹಾಯ ಮಾಡುತ್ತೇನೆಂದು ಅದೇ ಎಣ್ಣೆಯಲ್ಲಿ ಹಪ್ಪಳ ಕರಿದ. ಹಪ್ಪಳ ಚೆನ್ನಾಗಿಯೇ ಅರಳಿದವು, ಆದರೆ ಅಡುಗೆಮನೆಯಿಂದ ಬಂದ ಪರಿಮಳಕ್ಕೆ ಮಾವ ಕೂತಲ್ಲೇ ಕೈಮುಗಿದು "ಮಂಗಳಾರತಿ ಆತೇನು?" ಎಂದರು.

ಖರ್ಚಿನ ಲೆಕ್ಕ ಬಂದಾಗ ನಮ್ಮ ಯಜಮಾನರು ಇತಿಹಾಸದ ಮೊರೆ ಹೋಗುತ್ತಾರೆ. ನಮ್ಮ ಕನ್ನಡ ಶಾಸನಗಳಲ್ಲಿ ನಂದಾದೀವಿಗೆಗೆ ಎಣ್ಣೆಗಾಣವನ್ನೇ ದತ್ತಿ ಬಿಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಲೆಕ್ಕ ತಂಜಾವೂರಿನದು. ರಾಜರಾಜ ಚೋಳ 1010ರ ಹೊತ್ತಿಗೆ ಕಟ್ಟಿ ಮುಗಿಸಿದ ಬೃಹದೀಶ್ವರ ಗುಡಿಯಲ್ಲಿ ಒಂದೇ ಒಂದು ನಂದಾದೀಪದ ತುಪ್ಪಕ್ಕೆ 96 ಕುರಿ. ಕುರಿ ಬೇಡವೆಂದರೆ 48 ಹಸು, ಅದೂ ಬೇಡವೆಂದರೆ 16 ಎಮ್ಮೆ. ಆ ಕಾಲದ ತಮಿಳು ಶಾಸನಗಳು ಇಂಥ ಕುರಿಗಳನ್ನು 'ಸಾಯದ, ಮುಪ್ಪಾಗದ ಕುರಿ' ಎಂದು ಬರೆಯುತ್ತವೆ. ಅಂದರೆ ಕುರುಬ ಹಿಂಡನ್ನು ಒಯ್ದ ಮೇಲೆ ಯಾವ ಕುರಿ ಸತ್ತರೂ ಮರಿಯಿಂದ ಭರ್ತಿ ಮಾಡಿ ಲೆಕ್ಕ ಅಷ್ಟಕ್ಕೇ ನಿಲ್ಲಿಸಬೇಕು, ದಿನದ ತುಪ್ಪ ತಪ್ಪಿಸುವಂತಿಲ್ಲ. ಬ್ಯಾಂಕಿನವರು ಬಡ್ಡಿಯ ಬಗ್ಗೆ ಇಷ್ಟು ಅಚ್ಚುಕಟ್ಟಾಗಿ ಬರೆದದ್ದನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಕೇಳಿಸಿಕೊಂಡ ಅತ್ತೆ ಹೇಳಿದ್ದು: "ತೊಂಬತ್ತಾರು ಕುರಿ ಯಾರು ಕೇಳ್ಯಾರೋ? ನಾ ಕೇಳಿದ್ದು ಒಂದು ಡಬ್ಬಿ ಎಣ್ಣಿ. ಹೋಗಿ ತಾ."

ಹಾಸನಾಂಬೆಯ ಗುಡಿಯ ದೀಪದ ವಿಷಯ ನಿಮಗೆ ಗೊತ್ತೇ ಇದೆ. ಬಲಿಪಾಡ್ಯಮಿ ಆದ ಮೇಲೆ ದೀಪ ಹಚ್ಚಿ ಬಾಗಿಲು ಹಾಕುತ್ತಾರೆ, ಮರುವರ್ಷ ತೆಗೆದಾಗಲೂ ಅದು ಉರಿಯುತ್ತಲೇ ಇರುತ್ತದೆಂದು ಜನರ ನಂಬಿಕೆ. ನನಗೆ ಅದರಲ್ಲಿ ಅಂಥ ಆಶ್ಚರ್ಯವೇನೂ ಕಾಣುವುದಿಲ್ಲ. ಒಳಗೆ ಫ್ಯಾನಿಲ್ಲ, ಮೈದುನನಿಲ್ಲ, ಪಾಳಿಗೆ ಕೂತ ಇಂಜಿನಿಯರ್ ಇಲ್ಲ.

ದೀಪಾವಳಿಗೆ ನಾನೇ ಒಂದು ಸುಧಾರಣೆ ತಂದೆ. ನೀರು ಹಾಕಿದರೆ ಹತ್ತುವ ಪ್ಲಾಸ್ಟಿಕ್ ಹಣತೆಗಳು ಬಂದಿವೆಯಲ್ಲ, ಒಳಗೆ ಸಣ್ಣ ಎಲ್‌ಇಡಿ ಇರುತ್ತದೆ, ನೀರು ಎರಡು ತಂತಿಗಳನ್ನು ಸೇರಿಸಿದೊಡನೆ ಬೆಳಕು. ಒಂದು ಡಜನ್ ತಂದು ಕಾಂಪೌಂಡಿನ ಮೇಲೆ ಮಣ್ಣಿನ ಹಣತೆಗಳ ನಡುನಡುವೆ ಇಟ್ಟೆ. ಶಿರಡಿಯ ಬಾಬಾ ನೀರಿನಲ್ಲಿ ದೀಪ ಉರಿಸಿದ ಕಥೆ ಕೇಳಿದ್ದ ಪಕ್ಕದ ಮನೆಯ ಅಜ್ಜಿ ಬಂದು ಕೈಮುಗಿದು ಹೋದರು. ಅತ್ತೆ ಮಾತ್ರ ಮುಖ ತಿರುಗಿಸಿ, "ನೀರು ಹಾಕಿದ್ರ ಹತ್ತತೈತಿ ಅಂದ್ರ ಆರಿಸಾಕ ಏನು ಹಾಕ್ತೀ?" ಎಂದರು.

ರಾತ್ರಿ ಎಂಟಕ್ಕೆ ಬೆಂಗಳೂರಿನ ಪದ್ಧತಿಯಂತೆ ದೀಪಾವಳಿಯ ಮಳೆ ಬಂತು. ಅತ್ತೆಯ ಹಣತೆಗಳು ಚುಯ್ಯೆಂದು ಒಂದೊಂದಾಗಿ ಹೋದವು. ನನ್ನವು ತುಂಬಿ ತುಳುಕಿ ಜಗಜಗ ಬೆಳಗಿದವು. ನಾನು ಬೀಗುತ್ತ ಮಲಗಿದೆ. ಮಳೆ ರಾತ್ರಿಯಿಡೀ ಹಿಡಿಯಿತು. ನಡುರಾತ್ರಿ ನೋಡಿದರೆ, ಬೆಳಿಗ್ಗೆ ಹಾಲಿನವನು ಬಂದಾಗ ನೋಡಿದರೆ, ಅವು ಹಾಗೇ ಉರಿಯುತ್ತಿದ್ದವು. ಮಳೆ ನಿಂತ ಮೇಲೆ ಅತ್ತೆ ಸೆರಗಿನಿಂದ ಒಂದೊಂದನ್ನೇ ಒರೆಸಿ ಆರಿಸುತ್ತಿದ್ದರು. ಏನೂ ಅನ್ನಲಿಲ್ಲ. ಅನ್ನದೆಯೂ ಎಲ್ಲವನ್ನೂ ಅನ್ನುವುದು ಧಾರವಾಡದವರಿಗೆ ಬರುತ್ತದೆ.

ಕಾರ್ತಿಕ ಹಿಡಿಯಿತು. ಸಂಜೆ ತುಳಸಿಯ ಮುಂದೆ ತುಪ್ಪದಲ್ಲಿ ಅದ್ದಿದ ಹೂಬತ್ತಿ. ಹಚ್ಚಿ ಒಳಗೆ ಬಂದರೆ ಸಾಕು, ದೀಪ ಮಾಯ. ಬತ್ತಿಯೂ ಇಲ್ಲ, ತುಪ್ಪವೂ ಇಲ್ಲ, ಹಣತೆ ತೊಳೆದಿಟ್ಟಷ್ಟು ಸ್ವಚ್ಛ. ಗಾಳಿಯ ಮೇಲೆ ಅನುಮಾನ ಬಂತು, ಆಮೇಲೆ ಕಾಗೆಯ ಮೇಲೆ. ಉತ್ಥಾನ ದ್ವಾದಶಿಯ ದಿನ ನೆಲ್ಲಿಕಾಯಿಯ ತಲೆ ಕೊರೆದು ತುಪ್ಪ ತುಂಬಿ ಇಟ್ಟ ದೀಪವೊಂದು ಎಲ್ಲರ ಕಣ್ಣೆದುರೇ ಉರುಳಿಕೊಂಡು ಚರಂಡಿಯ ಕಡೆ ಹೊರಟಾಗ ಹಿಂದೆ ಬಾಲ ಕಂಡಿತು. ಇಲಿ.

ಇವರಿಗೆ ಮತ್ತೊಂದು ಪುರಾಣ ನೆನಪಾಯಿತು. ತಮಿಳುನಾಡಿನ ವೇದಾರಣ್ಯದ ಶಿವಾಲಯದಲ್ಲಿ ದೀಪ ಆರಿಹೋಗುವುದರಲ್ಲಿತ್ತಂತೆ. ತುಪ್ಪ ನೆಕ್ಕಲು ಬಂದ ಇಲಿಯ ಮೂತಿ ಬತ್ತಿಗೆ ತಾಕಿ, ಬತ್ತಿ ಮೇಲೆ ಸರಿದು, ದೀಪ ಮತ್ತೆ ಪ್ರಜ್ವಲಿಸಿತಂತೆ. ಶಿವ ಪ್ರಸನ್ನನಾದ. ಆ ಇಲಿಯೇ ಮುಂದಿನ ಜನ್ಮದಲ್ಲಿ ಬಲಿ ಚಕ್ರವರ್ತಿ. "ಮೊನ್ನೆ ಪಾಡ್ಯಮಿಗೆ ನಾವು ಪೂಜೆ ಮಾಡಿದ್ದು ಇವನನ್ನೇ" ಎಂದು ಇವರು ಚರಂಡಿಯ ಕಡೆ ಕೈತೋರಿಸಿದರು.

"ಮುಂದಿನ ಜನ್ಮದಾಗ ಚಕ್ರವರ್ತಿ ಆಗ್ಲಿ, ಬ್ಯಾಡ ಅನ್ನಾಂಗಿಲ್ಲ," ಎಂದರು ಅತ್ತೆ. "ಈ ಜನ್ಮದಾಗ ಬೋನಿನಾಗ ಇರ್ಲಿ."

ಬೋನು ಬಂತು. ನಾನು ಕೊಬ್ಬರಿ ಚೂರು ಹುಡುಕುತ್ತಿದ್ದರೆ ಅತ್ತೆ, ಅದಕ್ಕೆ ರುಚಿ ಹತ್ತಿರುವುದು ಯಾವುದೋ ಅದನ್ನೇ ಇಡಬೇಕೆಂದು, ತುಪ್ಪದ ಹೂಬತ್ತಿಯನ್ನು ಕೊಕ್ಕೆಗೆ ಬಿಗಿಯಾಗಿ ಸುತ್ತಿ ತುಳಸಿಕಟ್ಟೆಯ ಪಕ್ಕ ಇಟ್ಟರು. ಬೆಳಿಗ್ಗೆ ಮೂವರೂ ಹಲ್ಲು ಸಹ ಉಜ್ಜದೆ ಹೋಗಿ ಬಗ್ಗಿ ನೋಡಿದೆವು. ಬೋನಿನ ಬಾಗಿಲು ಬಿದ್ದಿತ್ತು. ಬತ್ತಿ ಇರಲಿಲ್ಲ. ಇಲಿಯೂ ಇರಲಿಲ್ಲ.

ಅತ್ತೆ ಬೋನನ್ನು ಎತ್ತಿ, ತಿರುಗಿಸಿ, ಸಂದುಗಳನ್ನೆಲ್ಲ ಬೆರಳಿಟ್ಟು ನೋಡಿ, ಮಗನ ಕೈಗೆ ಕೊಟ್ಟರು.

"ಇದು ಬಲಿ ಅಲ್ಲೋ. ವಾಮನ."