ರಾಮನ ಬೀಡಿ

ಭಾನುವಾರ ಸೆಲೂನಿಗೆ ಹೋಗಬಾರದು. ಗೊತ್ತಿದ್ದೂ ಹೋದೆ. ಸುರತ್ಕಲ್‌ನ ಮಾಮೂಲಿ ಸೆಲೂನಿನಲ್ಲಿ ಮುಕ್ಕಾಲು ಗಂಟೆ ಕಾದೆ. ನನಗಿಂತ ಮುಂಚೆ ಕುರ್ಚಿ ಹತ್ತಿದ್ದ ಹತ್ತು ವರ್ಷದ ಹುಡುಗನಿಗೆ ಯಾವುದೋ ಕ್ರಿಕೆಟಿಗನ ಹಾಗೆ ಹುಬ್ಬಿನಲ್ಲೊಂದು ಗೆರೆ ಬೇಕಿತ್ತು. ಅವನ ಅಪ್ಪ ನನ್ನ ಪಕ್ಕದಲ್ಲಿ ಕೂತು ಗೊಣಗುತ್ತಿದ್ದರು.

"ಇವರೆಲ್ಲ ಮಕ್ಕಳಿಗೆ ಮಾದರಿ ಆಗ್ಬೇಕಿತ್ತು ಮಾರ್ರೆ. ನಮ್ಮ ರಾಹುಲನೇ ಆ ಟಿವಿ ಶೋಗೆ ಹೋಗಿ ಎಷ್ಟು ರಗಳೆ ಮಾಡಿಕೊಂಡ ನೋಡಿ."

2019ರ ಸಂಗತಿ ಅದು. ಶೋನಲ್ಲಿ ಹೆಂಗಸರ ಬಗ್ಗೆ ಬಂದ ಮಾತಿಗೆ ಇಲ್ಲೇ ಬೆಳೆದ ಕ್ರಿಕೆಟಿಗ ಕೆ.ಎಲ್. ರಾಹುಲ್‌ಗೂ ಜೊತೆಗಿದ್ದ ಹಾರ್ದಿಕ್ ಪಾಂಡ್ಯಗೂ ತಲಾ 20 ಲಕ್ಷ ರೂಪಾಯಿ ದಂಡ ಬಿದ್ದಿತ್ತು. ಆಮೇಲೆ ಇಬ್ಬರೂ ಎಷ್ಟೋ ಮ್ಯಾಚ್ ಆಡಿದರು. ಸುರತ್ಕಲ್‌ನ ಬೆಂಚುಗಳಲ್ಲಿ ಮಾತ್ರ ಆ ಕೇಸು ಇನ್ನೂ ಮುಗಿದಿಲ್ಲ.

1993ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿ, ತಾನು ಯಾರಿಗೂ ಮಾದರಿಯಲ್ಲ, ಅದು ಅಪ್ಪ ಅಮ್ಮನ ಕೆಲಸ ಎಂದುಬಿಟ್ಟ. ಹೇಳಿದ್ದು ನೈಕಿ ಜಾಹೀರಾತಿನಲ್ಲಿ. ನನ್ನ ಹಾಗೆ ಆಗಬೇಡಿ, ಶೂ ಮಾತ್ರ ತಗೊಳ್ಳಿ ಅಂತ!

ನನಗೆ ನೆನಪಾದದ್ದು ರಾಮ. ನನಗೆ ಎಂಟು ವರ್ಷವಿದ್ದಾಗ ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಭರತನಿಗೆ ಪಾದುಕೆ ಕೊಟ್ಟು ಕಳಿಸಿದ ರಾಮನನ್ನು ನೋಡಿ ಇಡೀ ಗದ್ದೆ ಕಣ್ಣೊರೆಸಿಕೊಂಡಿತ್ತು. ಬೆಳಗಿನ ಜಾವ ಮೆಲ್ಲನೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ನುಗ್ಗಿದೆ. ಕಿರೀಟ ಪೆಟ್ಟಿಗೆಯ ಮೇಲೆ. ರಾಮನ ಒಂದು ಕೆನ್ನೆಗೆ ತೆಂಗಿನೆಣ್ಣೆ ತಿಕ್ಕಿ ಬಣ್ಣ ತೆಗೆದಾಗಿತ್ತು, ಇನ್ನೊಂದು ಕೆನ್ನೆ ಇನ್ನೂ ಅಯೋಧ್ಯೆಯದ್ದು. ಬಾಯಲ್ಲಿ ಬೀಡಿ. ಸೈಕಲ್ಲಿನ ಪಂಕ್ಚರ್ ಹಾಕಿಸಿಲ್ಲವೆಂದು ಭರತನಿಗೆ ಬೈಯುತ್ತಿದ್ದ.

ಅಳುತ್ತಾ ಮನೆಗೆ ಓಡಿದೆ. ಅಜ್ಜಿ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಧ್ಯಾಹ್ನದೊಳಗೆ ಬೀಡಿ ಬ್ರಾಂಚಿಗೆ ಕೊಡಬೇಕು, ತಲೆ ಎತ್ತಲಿಲ್ಲ.

"ರಂಗದಲ್ಲಿ ಮಾತು ತಪ್ಪಿದ್ನಾ?"

"ಇಲ್ಲ."

"ಕುಣಿತ?"

"ಇಲ್ಲ."

"ಮತ್ತೆಂತಕ್ಕೆ ಕೂಗುದು? ಅವ ಎಳೀದಿದ್ರೆ ನಾನು ಕಟ್ಟಿದ್ದನ್ನ ಯಾರು ಎಳೀಬೇಕು ಮಾರಾಯ?"

ಆ ಬೀಡಿ ನಮ್ಮ ಮನೆಯದ್ದೇ ಇರಬಹುದು ಎಂದು ಸುಮಾರು ದಿನ ಹೆಮ್ಮೆಪಟ್ಟಿದ್ದೆ.

ಅಂದಿನಿಂದ ನನ್ನದು ಅಜ್ಜಿಯ ಪಕ್ಷ. ಚೆನ್ನಾಗಿ ಆಡಲಿ, ಸಾಕು. ಹೆಲ್ಮೆಟ್ ಇಲ್ಲದೆ, ರಾಂಗ್ ಸೈಡಲ್ಲಿ ಮಗನನ್ನು ಶಾಲೆಗೆ ಬಿಡುವವರು ಅವನಿಗೆ ನಡತೆ ಕಲಿಸುವುದನ್ನು ಕ್ರಿಕೆಟಿಗನಿಗೆ ಗುತ್ತಿಗೆ ಕೊಟ್ಟರೆ ಹೇಗೆ? ಅವನಿಗೆ ಪ್ರಾಕ್ಟೀಸ್ ಇರುತ್ತದೆ.

ಒಂದೇ ಒಂದು ಕಿರಿಕಿರಿ ಉಳಿದಿದೆ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪುಲ್ಲೇಲ ಗೋಪಿಚಂದ್, ಕೋಲಾ ಜಾಹೀರಾತು ಬೇಡ ಎಂದರು. ಆರೋಗ್ಯಕ್ಕೆ ಒಳ್ಳೇದಲ್ಲ ಅಂತ. ಅವರ ಆಟದ ಒಂದು ಪಾಯಿಂಟೂ ನನಗೆ ನೆನಪಿಲ್ಲ, ಇದು ಮಾತ್ರ ಮರೆತಿಲ್ಲ. ಯಾಕೆ? ಅಜ್ಜಿ ಇದ್ದಿದ್ದರೆ ಕೇಳಬಹುದಿತ್ತು. ಕೋಲಾದಲ್ಲಿ ಅವರಿಗೆ ಪಾಲಿರಲಿಲ್ಲವಲ್ಲ, ನಿಷ್ಪಕ್ಷಪಾತವಾಗಿ ಹೇಳುತ್ತಿದ್ದರು.

ಅಷ್ಟರಲ್ಲಿ ಹುಡುಗ ಕುರ್ಚಿಯಿಂದ ಇಳಿದ. ಹುಬ್ಬಿನಲ್ಲಿ ಗೆರೆ ಬಿದ್ದಿತ್ತು. ಅಪ್ಪ ಅವನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಮೊಬೈಲ್ ತೆಗೆದರು.

"ಚೂರು ಈಚೆ ತಿರುಗು. ಹಾಂ, ಗೆರೆ ಕಾಣ್ಲಿ."