ಹುಡುಗರ ಕೈಗೆ ಕ್ರ್ಯಾಕ್ ಕೊಡಬೇಡಿ

ಇವತ್ತು ಒಂದು ಫೋಟೋಗ್ರಫಿ ಕ್ಯಾಂಪಿನಲ್ಲಿ ನೋಡಿದ್ದು, ಇನ್ನೂ ಸಿಟ್ಟು ಇಳಿದಿಲ್ಲ. ಒಬ್ಬ ಹುಡುಗಿ "ಸರ್, ರಾ ಫೈಲ್ ಎಡಿಟ್ ಮಾಡೋಕೆ ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ?" ಅಂತ ಕೇಳಿದಳು. ರಾ ಫೈಲ್ ಅಂದರೆ ಕ್ಯಾಮೆರಾ ಹಿಡಿದದ್ದನ್ನು ಹಾಗೇ ಹಸಿಯಾಗಿ ಇಟ್ಟುಕೊಂಡ ಫೈಲ್. ಪಾಠ ಮಾಡುತ್ತಿದ್ದವರು ಪೆನ್‌ಡ್ರೈವ್ ತೆಗೆದು ಕೊಟ್ಟರು. "ಲೈಟ್‌ರೂಮ್ ಕ್ರ್ಯಾಕ್ ಇದೆ. ಆಂಟಿವೈರಸ್ ಆಫ್ ಮಾಡಿ ಹಾಕ್ಕೋ." ಲೈಟ್‌ರೂಮ್ ದುಡ್ಡು ಕೊಟ್ಟು ಬಳಸಬೇಕಾದ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್, ಕ್ರ್ಯಾಕ್ ಅಂದರೆ ಅದರ ಬೀಗ ಒಡೆದ ಕಳ್ಳ ಪ್ರತಿ.

ಆಂಟಿವೈರಸ್ ಆಫ್ ಮಾಡು ಅಂತ ಕಲಿಸುವವರೇ ಹೇಳಬೇಕಾ?

ಬೇರೆ ದಾರಿ ಇಲ್ಲ ಅಂದಿದ್ದರೆ ಮಾತು ಬೇರೆ. ರಾ ಫೈಲ್ ಎಡಿಟ್ ಮಾಡುವ ಡಾರ್ಕ್‌ಟೇಬಲ್ 2009ರಿಂದ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ, ಪೈಸೆ ಕೊಡಬೇಕಿಲ್ಲ. ಅಂಥದ್ದೇ ಇನ್ನೊಂದು, ರಾಥೆರಪಿ ಇದೆ. ನಿಕಾನ್‌ನವರ ಎನ್‌ಎಕ್ಸ್ ಸ್ಟುಡಿಯೋ, ಕ್ಯಾನನ್‌ನವರ ಡಿಜಿಟಲ್ ಫೋಟೋ ಪ್ರೊಫೆಷನಲ್ ಅವರವರ ಕ್ಯಾಮೆರಾದವರಿಗೆ ಪುಕ್ಕಟೆ. ಇಷ್ಟಿದ್ದೂ ಕ್ರ್ಯಾಕ್ ಯಾಕೆ?

ದಾಂಡೇಲಿಯಲ್ಲಿ ತೆಗೆದ ಮಂಗಟ್ಟೆಯ ಫೋಟೋ ನನ್ನ ಹತ್ತಿರ ಇದೆ. ಮರದ ನೆರಳು, ಬೆನ್ನೆಲ್ಲ ಬರೀ ಕಪ್ಪು. ಕ್ಯಾಮೆರಾ ತಾನೇ ಕುಗ್ಗಿಸಿ ಕೊಡುವ ಜೆಪೆಗ್‌ನಲ್ಲಿ ಬೆಳಕು ಏರಿಸಿದರೆ ಕಪ್ಪೆಲ್ಲ ಕಲೆಕಲೆ. ಅದೇ ಫೋಟೋದ ರಾ ಫೈಲನ್ನು ಡಾರ್ಕ್‌ಟೇಬಲ್‌ನಲ್ಲಿ ತೆಗೆದು ಎಕ್ಸ್‌ಪೋಶರ್, ಅಂದರೆ ಬೆಳಕು, ಏರಿಸಿದೆ. ಗರಿಗಳ ಗೆರೆ ಒಂದೊಂದಾಗಿ ಎದ್ದು ಬಂತು! ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ ಕತ್ತಲಿಂದ ಬೆಳಕಿನವರೆಗೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಆ ಗರಿಗಳು ಇದ್ದದ್ದು ಫೈಲ್‌ನಲ್ಲಿ. ದುಬಾರಿ ಸಾಫ್ಟ್‌ವೇರ್ ಅವನ್ನು ಹುಟ್ಟಿಸುವುದಿಲ್ಲ.

"ಡಾರ್ಕ್‌ಟೇಬಲ್ ಕಷ್ಟ" ಅಂತೀರಿ. ಮೊದಲ ಸಲ ತೆಗೆದಾಗ ಅಷ್ಟೊಂದು ಮಾಡ್ಯೂಲ್ (ಒಂದೊಂದು ಕೆಲಸಕ್ಕೆ ಒಂದೊಂದು ಉಪಕರಣ) ನೋಡಿ ತಲೆ ತಿರುಗುವುದು ನಿಜ. ಎಕ್ಸ್‌ಪೋಶರ್, ಬಣ್ಣ, ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು ಕಲೆ) ಇಷ್ಟನ್ನೇ ಮೊದಲು ಹಿಡಿಯಿರಿ. ಉಳಿದದ್ದು ನಿಧಾನಕ್ಕೆ ಬರುತ್ತದೆ. ಮದುವೆ ಸೀಸನ್‌ನಲ್ಲಿ ಸಾವಿರಾರು ಫೋಟೋ ಮುಗಿಸುವವರಿಗೆ ಲೈಟ್‌ರೂಮ್ ತಾನಾಗೇ ಮುಖ, ಆಕಾಶ ಗುರುತಿಸಿ ಕೊಡುವುದು ದೊಡ್ಡ ಅನುಕೂಲ. ದುಡಿಮೆ ಇದೆ ಅಲ್ವಾ, ದುಡ್ಡು ಕೊಟ್ಟು ತಗೊಳ್ಳಿ. 2015ರ ಲೈಟ್‌ರೂಮ್ 6 ಆದಮೇಲೆ ಒಂದೇ ಸಲ ಕೊಂಡು ಇಟ್ಟುಕೊಳ್ಳುವ ಹಾಗಿಲ್ಲ, ಬಾಡಿಗೆ ಕಟ್ಟುತ್ತಲೇ ಇರಬೇಕು. ಆ ಬೇಜಾರು ನನಗೂ ಇದೆ. ಅದಕ್ಕೇ ಡಾರ್ಕ್‌ಟೇಬಲ್ ಅನ್ನುತ್ತಿದ್ದೇನೆ. ಮೂಲ ಫೈಲ್ ಮುಟ್ಟುವುದಿಲ್ಲ, ಮಾಡಿದ ಕೆಲಸವೆಲ್ಲ ಪಕ್ಕದಲ್ಲೇ ಪುಟ್ಟ ಎಕ್ಸ್‌ಎಂಪಿ ಫೈಲಾಗಿ ಕೂರುತ್ತದೆ. ಬಾಡಿಗೆ ನಿಂತಿತು ಅಂತ ಯಾರೂ ಬಾಗಿಲು ಹಾಕುವುದಿಲ್ಲ.

ನನ್ನ ಮೊದಲ ಕ್ಯಾಮೆರಾ ಅಮ್ಮ ಚೀಟಿ ಎತ್ತಿ ಕೊಡಿಸಿದ್ದು. ದುಡ್ಡಿನ ಕಷ್ಟ ಗೊತ್ತಿಲ್ಲದೆ ಮಾತಾಡುತ್ತಿಲ್ಲ. ನಮ್ಮ ಒಂದು ಫೋಟೋ ಯಾರಾದರೂ ಕೇಳದೆ ಹಾಕಿಕೊಂಡರೆ ಜಗಳಕ್ಕೆ ನಿಲ್ಲುತ್ತೇವೆ. ಅಂಥ ನಾವೇ ಹುಡುಗರಿಗೆ ಮೊದಲ ಪಾಠವಾಗಿ ಕದಿಯುವುದನ್ನು ಕಲಿಸುವುದಾ?

ಡಾರ್ಕ್‌ಟೇಬಲ್ ಹಾಕಿಕೊಳ್ಳಲು ಗೊತ್ತಾಗದವರು ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬನ್ನಿ. ನಿಮ್ಮದೇ ರಾ ಫೈಲ್ ತನ್ನಿ, ಜೆಪೆಗ್ ಬೇಡ.