ಆ ಹೊತ್ತಿಗೆ ಅವನು ಯಾರಿಗೆ ಫೋನ್ ಮಾಡಬೇಕು?

ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋಗಿದ್ದೆ, ಊರು ಹೇಳುವುದಿಲ್ಲ. ಕೊನೆ ಕೊಯ್ಲಿನ ಗಡಿಬಿಡಿ, ಅಂಗಳದ ತುಂಬ ಅಡಿಕೆ. ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಮಗನ ಬ್ಯಾಗಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತ್ತು. ಅಡಿಕೆ ಸುಲಿಯುವವರೆಲ್ಲರ ಎದುರಿಗೇ ಅಪ್ಪ ಕೆನ್ನೆಗೆ ಬಾರಿಸಿದರು. "ಇನ್ನೊಂದು ಸಲ ಗೊತ್ತಾದರೆ ಈ ಮನೆ ಮೆಟ್ಟಿಲು ಹತ್ತಬೇಡ" ಅಂದರು. ಜಗಲಿಯಲ್ಲಿದ್ದ ಹಿರಿಯರೊಬ್ಬರು "ಸರಿಯಾಗಿ ಬುದ್ಧಿ ಕಲಿಸಿದೆ ಮಾರಾಯ" ಅಂದರು. ಹುಡುಗ ಅಳಲೂ ಇಲ್ಲ.

ಹೊಡೆತಕ್ಕಿಂತ, ಮೆಟ್ಟಿಲು ಹತ್ತಬೇಡ ಅಂದ ಅಪ್ಪನ ಮಾತಿಗೆ ನನ್ನ ಹೊಟ್ಟೆ ಉರಿಯಿತು. ನಾಳೆ ರೂಮಿನಲ್ಲಿ ಜೊತೆಗಾರನೊಬ್ಬ ಕುಡಿದ ಮೇಲೆ ನಿದ್ದೆ ಮಾತ್ರೆಯನ್ನೂ ನುಂಗಿ ಎಚ್ಚರ ತಪ್ಪಿದರೆ ಇವನು ಯಾರಿಗೆ ಫೋನ್ ಮಾಡುತ್ತಾನೆ?

ನನ್ನ ತಮ್ಮನ ವಿಷಯ ಹಳೇ ಸ್ನೇಹಿತರಿಗೆ ಗೊತ್ತು. ಅವರಿಗೂ ಹೇಳದ್ದನ್ನು ಇವತ್ತು ಹೇಳುತ್ತೇನೆ. ಆ ರಾತ್ರಿ ಗೆಳೆಯರು ಅವನನ್ನು ಅಂಗಾತ ಮಲಗಿಸಿ, ಕಂಬಳಿ ಹೊದಿಸಿ, ಬೆಳಿಗ್ಗೆ ಇಳಿಯುತ್ತೆ ಅಂದುಕೊಂಡರು. ವಾಂತಿ ಶ್ವಾಸಕ್ಕೆ ಹೋಯಿತು. ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಒಬ್ಬನೇ ಬಿಡಬಾರದು, ಕೂಡಲೇ 108ಕ್ಕೆ ಫೋನ್ ಮಾಡಬೇಕು ಅಂತ ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರಲ್ಲೊಬ್ಬ ಆಮೇಲೆ ನನ್ನೆದುರು ಅತ್ತ. "ನಿಮ್ಮ ನಂಬರ್ ತೆಗೆದಿದ್ದೆ ಅಣ್ಣ. ಏನಾದ್ರೂ ಅಣ್ಣನಿಗೆ ಮಾತ್ರ ಹೇಳಬೇಡ ಅಂದಿದ್ದ." ಅದಕ್ಕೊಂದು ವಾರ ಮೊದಲು ನಾನೇ ತಮ್ಮನಿಗೆ ಮುಖ ತೋರಿಸಬೇಡ ಅಂದಿದ್ದೆ.

"ಇದೆಲ್ಲ ಹೇಳಿಕೊಟ್ಟರೆ ಸೇದೋಕೆ ಪರವಾನಗಿ ಕೊಟ್ಟ ಹಾಗಲ್ಲವಾ?" ಅಂತ ಇವತ್ತೂ ಕೇಳಿದರು. ತುಂಗೆಗೆ ಇಳಿಯಬೇಡಿ ಅಂತ ಗದರುತ್ತಿದ್ದ ಅಪ್ಪಂದಿರೇ ನಮಗೆ ಬಾಳೆದಿಂಡು ಕಟ್ಟಿ ಈಜು ಕಲಿಸಿದರು, ಸುಳಿ ಎಲ್ಲಿದೆ ಅಂತ ತೋರಿಸಿದರು. ಬಿಡು ಅಂತ ಹೇಳಲೇಬೇಕು. ಬೆಳೆಯುವ ಮಿದುಳಿಗೆ ಗಾಂಜಾದಿಂದ ಕೆಡುಕಿದೆ, ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದರಂತೂ ಇನ್ನೂ ಅಪಾಯ. ಆದರೆ ಬಿಡುವ ದಿನದ ತನಕ ಅವನು ಉಸಿರಾಡುತ್ತಿರಬೇಕು.

ಕೇಸಾಗುತ್ತದೆ ಎಂದು ಆಸ್ಪತ್ರೆಗೆ ಹೋಗಲು ಹೆದರುವವರೂ ಇದ್ದಾರೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ವ್ಯಸನದ ಸಹಾಯವಾಣಿ 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಎರಡನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಅಣ್ಣಯ್ಯ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಕವಳಕ್ಕೆ ಹೊಗೆಸೊಪ್ಪು ಹಾಕುವುದನ್ನು ಬಿಡಲು ನೀವು ಮೂರು ಸಲ ಒದ್ದಾಡಿದ್ದನ್ನು ಕಂಡವನು ನಾನು. ಚಟದ ಹಿಡಿತ ಎಂಥದ್ದು ಅಂತ ಮಗನಿಗೆ ಹೇಳಲು ನಿಮಗಿಂತ ಹತ್ತಿರದವರು ಯಾರಿದ್ದಾರೆ? ಸೋಮವಾರ ಅವನು ಶಿವಮೊಗ್ಗದ ಬಸ್ಸು ಹತ್ತುವ ಮೊದಲು ಪಕ್ಕದಲ್ಲಿ ಕೂತು, ಎಷ್ಟು ಹೊತ್ತಾದರೂ ಮೊದಲು ನನಗೇ ಫೋನ್ ಮಾಡು ಅಂತ ಹೇಳಿ. ಬಯ್ಯುವುದಿದ್ದರೆ ಅವನು ಮನೆಗೆ ಬಂದು, ಊಟ ಮಾಡಿ, ಮಲಗೆದ್ದ ಮೇಲೆ ಬಯ್ಯಿರಿ.